ಬೆರಳಿನಲ್ಲಿ 99, ಮಿದುಳಿನಲ್ಲಿ 14

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್, ಸಂಜೆ ಏಳು ದಾಟಿದೆ. ಭತ್ತದ ಕಟಾವಿನ ಕಾಲ. ದೀಪವಿಲ್ಲದೆ ನಿಂತ ಟ್ರ್ಯಾಕ್ಟರ್ ಟ್ರಾಲಿಗೆ ಬೈಕ್ ಗುದ್ದಿ ಸವಾರ ಎಚ್ಚರ ತಪ್ಪಿದ್ದಾನೆ. ಟ್ಯಾಂಕಿನ ಮೇಲೆ ಇಟ್ಟುಕೊಂಡಿದ್ದ ಹೆಲ್ಮೆಟ್ ಗದ್ದೆಗೆ ಉರುಳಿದೆ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳು ಕಟ್ಟಿಕೊಂಡ ಊರಿದು. ನೆರೆದವರ ಕೂಗಿನಲ್ಲಿ ಎರಡು ಭಾಷೆ ಬೆರೆತಿವೆ.

"ನೀರ್ ಕುಡಸ್ರಿ" ಎನ್ನುತ್ತಾರೆ ಯಾರೋ. ಬೇಡ. ಎಚ್ಚರವಿಲ್ಲದವನ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಬಗ್ಗಿ ಕಿವಿಗೊಡಿ: ಗೊರಗೊರ ಸದ್ದು. ನಾಲಗೆ ಹಿಂದೆ ಜಾರಿ ಗಂಟಲಿಗೆ ಅಡ್ಡವಾಗಿದೆ. ಕುತ್ತಿಗೆ ಅಲುಗಿಸದೆ, ದವಡೆಯ ಎರಡೂ ಮೂಲೆಗೆ ಬೆರಳು ಕೊಟ್ಟು ಮುಂದಕ್ಕೆ ಎತ್ತಿ. ಉಸಿರು ಸಲೀಸಾಯಿತು.

ದೇಹದ ತೂಕದಲ್ಲಿ ಶೇ 2ರಷ್ಟೇ ಇರುವ ಮಿದುಳಿಗೆ ಆಮ್ಲಜನಕದಲ್ಲಿ ಶೇ 20ರಷ್ಟು ಪಾಲು ಬೇಕು, ಅದೂ ಪ್ರತಿ ಕ್ಷಣ. ಟ್ರಾಲಿ ಕೊಟ್ಟ ಪೆಟ್ಟನ್ನು ಯಾರೂ ಹಿಂದಕ್ಕೆ ಪಡೆಯಲಾರರು. ಆಮ್ಲಜನಕ ಸಾಲದೆ ಬೀಳುವ ಎರಡನೇ ಪೆಟ್ಟನ್ನು ಮಾತ್ರ ತಡೆಯಬಹುದು.

108 ಆಂಬುಲೆನ್ಸ್ ಬಂತು. ರಕ್ತದ ಆಮ್ಲಜನಕ ತೋರಿಸುವ ಕ್ಲಿಪ್ ಬೆರಳಿಗೆ: ಶೇ 84. ಮಾಸ್ಕ್ ಹಾಕಿದ ಮೇಲೆ 93. ಉಗುರಿನ ಬುಡ ಒತ್ತಿದರೆ ಕಣ್ಣು ತೆರೆದ, ನರಳಿದ, ಕೈ ಎಳೆದುಕೊಂಡ. ಎಚ್ಚರದ ಮಟ್ಟ ಹೇಳುವ ಗ್ಲಾಸ್ಗೊ ಅಳತೆಯಲ್ಲಿ 15ಕ್ಕೆ 8. ತೀವ್ರ ಪೆಟ್ಟು.

ಸಿಂಧನೂರಿನಲ್ಲಿ ಗಂಟಲಿಗೆ ಟ್ಯೂಬ್ ಇಳಿಸಿ ಬಳ್ಳಾರಿಗೆ ಕಳಿಸಿದ್ದಾರೆ. ಢಡೇಸುಗೂರಿನ ಬಳಿ ತುಂಗಭದ್ರೆ ದಾಟುವಾಗ ಸಿಸ್ಟರ್ ಉಸಿರು ತುಂಬುವ ಆಂಬುಬ್ಯಾಗ್ ಒತ್ತುತ್ತಿದ್ದಾರೆ. ಕ್ಲಿಪ್ಪಿನಲ್ಲಿ ಈಗ 99.

"ಸಿಸ್ಟರ್, ಇನ್ನಾ ಜೋರ್ ಒತ್ರಿ" ಎಂದು ಅಣ್ಣ ಅಂಗಲಾಚುತ್ತಾನೆ.

"ಜೋರ್ ಒತ್ತಿದ್ರ ತಲಿಗೆ ರಕ್ತ ಕಮ್ಮಿ ಆಗ್ತೈತಪ್ಪ" ಎಂದು ಸಿಸ್ಟರ್ ಆರು ಸೆಕೆಂಡಿಗೊಮ್ಮೆ ಎಣಿಸಿಯೇ ಒತ್ತುತ್ತಾರೆ. ಅವರ ಮಾತು ನಿಜ. ಉಸಿರು ಅತಿಯಾದರೆ ರಕ್ತದ ಇಂಗಾಲದ ಡೈಆಕ್ಸೈಡ್ ಕುಸಿಯುತ್ತದೆ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಬೆರಳು 99 ತೋರಿಸುತ್ತಿರುವಾಗಲೇ ಮಿದುಳು ಹಸಿಯಬಹುದು. ಕ್ಲಿಪ್ಪಿಗೆ ಅದು ಕಾಣುವುದಿಲ್ಲ.

ಕಾಣಬೇಕಾದರೆ ಬೆಂಗಳೂರಿನಂಥ ದೊಡ್ಡ ಊರಿನ ಐಸಿಯು ಒಳಗೆ ಬನ್ನಿ. ಮಿದುಳಿನೊಳಗಿನ ಆಮ್ಲಜನಕ ಅಳೆಯುವ ಸೌಲಭ್ಯ ಇರುವುದು ಕೆಲವೇ ಕಡೆ. ಇಂಥದೇ ಪೆಟ್ಟು ತಿಂದ ಇನ್ನೊಬ್ಬನ ಬುರುಡೆಯಲ್ಲಿ ಸಣ್ಣ ರಂಧ್ರ, ಅದರೊಳಗೆ ಒಂದು ಮಿಲಿಮೀಟರಿಗಿಂತ ತೆಳುವಾದ ತಂತಿ. ಅದರ ತುದಿಯ ವಿದ್ಯುದಗ್ರದ ಮೂಲ ವಿನ್ಯಾಸ ಅಮೆರಿಕದ ಲೆಲಂಡ್ ಕ್ಲಾರ್ಕ್ 1950ರ ದಶಕದಲ್ಲಿ ರೂಪಿಸಿದ್ದು. ತೂರಿಸಿದ ಕೂಡಲೇ ಬರುವ ಅಂಕಿಯನ್ನು ವೈದ್ಯರು ನಂಬುವುದಿಲ್ಲ. ಅದು ನೆಲೆಗೊಳ್ಳಲು ಕಾಯುತ್ತಾರೆ. ಈಗ ಪರದೆಯ ಮೇಲೆ 14. ಪಾದರಸದ ಲೆಕ್ಕದಲ್ಲಿ 20 ಮಿಲಿಮೀಟರಿಗಿಂತ ಇಳಿದರೆ ಸುಮ್ಮನೆ ಕೂರುವಂತಿಲ್ಲ. ರಕ್ತದೊತ್ತಡ ಏರಿಸುತ್ತಾರೆ. ವೆಂಟಿಲೇಟರಿನ ಉಸಿರು ನಿಧಾನಿಸುತ್ತಾರೆ. ಹಿಮೋಗ್ಲೋಬಿನ್ ನೋಡಿ ರಕ್ತ ಕೊಡುತ್ತಾರೆ. 17. ಆಮೇಲೆ 22.

ತಂತಿ ತಿಳಿಸುವುದು ತನ್ನ ತುದಿಯ ಸುತ್ತಲ ಕೆಲವೇ ಮಿಲಿಮೀಟರ್ ಜಾಗದ ಸ್ಥಿತಿಯನ್ನು. ಅದನ್ನು ನೋಡಿ ಚಿಕಿತ್ಸೆ ಕೊಟ್ಟರೆ ಆಮ್ಲಜನಕದ ಕೊರತೆಯ ಹೊತ್ತು ತಗ್ಗುತ್ತದೆಂದು 2017ರಲ್ಲಿ ಅಮೆರಿಕದ ಬೂಸ್ಟ್-2 ಅಧ್ಯಯನ ತೋರಿಸಿತು. 2023ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ ಆರು ತಿಂಗಳ ನಂತರದ ಚೇತರಿಕೆಯಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ತಂತಿ ಬೇಡವೆಂದು ನಾನು ಹೇಳಲಾರೆ. ಆದರೆ ಸರ್ಕಾರ ಮೊದಲು ದುಡ್ಡು ಹಾಕಬೇಕಾದದ್ದು ಸಿಂಧನೂರು–ಬಳ್ಳಾರಿ ದಾರಿಯ ಆಂಬುಲೆನ್ಸಿಗೆ, ಅಲ್ಲಿ ಕೂತ ಆ ಸಿಸ್ಟರ್ ತರಬೇತಿಗೆ.

ಐಸಿಯು ಬಾಗಿಲಾಚೆ, ತಂತಿ ಹಾಕಿಸಿಕೊಂಡವನ ತಾಯಿ ಕಾಯುತ್ತಿದ್ದಾಳೆ. ವೈದ್ಯೆ ಹೊರಬಂದು ಪಕ್ಕದಲ್ಲೇ ಕೂರುತ್ತಾರೆ. "ಅಮ್ಮಾ, ಮಿದುಳಿಗೆ ಆಮ್ಲಜನಕ ಈಗ ಸಾಕಷ್ಟು ಹೋಗ್ತಿದೆ. ಕಣ್ಣು ಯಾವಾಗ ಬಿಡ್ತಾನೆ ಅಂತ ಇವತ್ತು ಹೇಳೋಕಾಗಲ್ಲ. ರಾತ್ರಿ ಮತ್ತೆ ಬಂದು ಹೇಳ್ತೀನಿ."