ಮೂರು ಸಾವಿರದ ಸಿನಿಮಾ, ಐವತ್ತನಾಲ್ಕು ಊಟ

ನಿಮ್ಮ ಮಗಳೋ ಮಗನೋ ಒಂದು ದಿನ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಅಮ್ಮಾ, ನಮ್ಮ ಮನೆಯಲ್ಲಿ ಒಂದು ಸಿನಿಮಾ ತೆಗೀಲಿಕ್ಕುಂಟು. ಖರ್ಚೇನೂ ಇಲ್ಲ" ಎಂದರೆ ನೀವೇನು ಹೇಳುತ್ತೀರಿ? ನಾನಂತೂ ಕಾವಲಿಯಿಂದ ದೋಸೆ ಎಬ್ಬಿಸುತ್ತಾ "ಆಯ್ತು" ಎಂದುಬಿಟ್ಟೆ. ಆಮೇಲಿನ ಕಥೆ ಕೇಳಿ.

ನಮ್ಮದು ಪುತ್ತೂರಿನ ಹತ್ತಿರದ ನರಿಮೊಗರು. ಸಿನಿಮಾಕ್ಕೂ ನಮ್ಮ ಕಡೆಯವರಿಗೂ ನಂಟಿಲ್ಲ ಎಂದುಕೊಳ್ಳಬೇಡಿ. ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರು 1930ರ ಆಸುಪಾಸಿನಲ್ಲೇ ಮೂಕಿ ಚಿತ್ರ ತೆಗೆದ ಸಾಹಸಿ. ಅವರ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತರು ಮಾಡಿದ 'ಚೋಮನ ದುಡಿ'ಗೆ 1975ರ ಸಾಲಿನ ಸ್ವರ್ಣಕಮಲ ಬಂತು. ಮಗಳು ಇದನ್ನೆಲ್ಲ ಹೇಳಿಯೇ ನನ್ನ ಬಾಯಿ ಮುಚ್ಚಿಸಿದ್ದು!

ಅವಳದ್ದು ಹತ್ತು ನಿಮಿಷದ ಚಿತ್ರ. ಕ್ಯಾಮರಾ ಅವಳ ಮೊಬೈಲು. ನಾಯಕಿ ಯಾರು ಗೊತ್ತೇ? ನನ್ನ ಅತ್ತೆ! ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸುತ್ತಾ ಮಗ ಬರುವ ರೈಲಿಗೆ ಕಾಯುವ ಅಜ್ಜಿಯ ಕಥೆ. ನಮ್ಮ ನರಿಮೊಗರಿನಲ್ಲಿ ಸ್ಟೇಷನ್ ಏನೋ ಉಂಟು. ಆದರೆ ಅಲ್ಲಿ ಚಿತ್ರ ತೆಗೆಯಬೇಕಾದರೆ ರೈಲ್ವೆಯವರ ಅನುಮತಿ ಬೇಕು, ಶುಲ್ಕ ಕಟ್ಟಬೇಕು. ಮಕ್ಕಳು ರೈಲನ್ನು ತೋರಿಸಲೇ ಇಲ್ಲ. ದೂರದಿಂದ ಅದರ ಶಬ್ದ ಕೇಳುತ್ತದೆ. ಹಪ್ಪಳ ಮಗುಚುತ್ತಿದ್ದ ಅತ್ತೆಯ ಕೈ ನಿಲ್ಲುತ್ತದೆ, ತಲೆ ಮೇಲೇಳುತ್ತದೆ. ಅಷ್ಟೇ. ನೋಡಿದಾಗ ನನ್ನ ಹೊಟ್ಟೆಯೊಳಗೆ ಏನೋ ಆಯಿತು.

ಬಡತನದ ಸಿನಿಮಾಕ್ಕೆ ಎಷ್ಟು ಉಪಾಯಗಳು ಅಂತೀರಿ! ಸ್ಟ್ಯಾಂಡ್ ಬದಲು ಅಕ್ಕಿಯ ಚೀಲ. ಮೈಕು ಹಪ್ಪಳದ ಬುಟ್ಟಿಯೊಳಗೆ. ದೀಪದ ಬದಲು ನನ್ನ ಬಿಳಿ ಬೆಡ್‌ಶೀಟು. ಅದನ್ನು ಬಿಸಿಲಿಗೆ ಹಿಡಿದರೆ ಅತ್ತೆಯ ಮುಖದ ಮೇಲೆ ತಂಪಾದ ಬೆಳಕು ಬೀಳುತ್ತದೆ. ಸತ್ಯಜಿತ್ ರಾಯ್ ಅವರ 'ಅಪರಾಜಿತೋ' (1956) ಚಿತ್ರಕ್ಕೆ ಛಾಯಾಗ್ರಾಹಕ ಸುಬ್ರತ ಮಿತ್ರ ಹೀಗೆಯೇ ಬಟ್ಟೆಯಿಂದ ಬೆಳಕು ಹಾಯಿಸಿ, ಸ್ಟುಡಿಯೋದೊಳಗೆ ಅಂಗಳದ ಹಗಲನ್ನು ತಂದಿದ್ದರು. ಗುಂಯ್ ಎನ್ನುವ ಫ್ರಿಜ್ಜನ್ನು ಬಂದ್ ಮಾಡಿದರು. ಮತ್ತೆ ಹಾಕಲು ಮಾತ್ರ ಮರೆತರು! ರಾತ್ರಿ ನೋಡಿದರೆ ಎರಡು ಲೀಟರ್ ಹಾಲು ಒಡೆದಿತ್ತು, ಮರುದಿನದ ಹಿಟ್ಟು ಹುಳಿ ಬಂದು ಪಾತ್ರೆಯಿಂದ ಹೊರಗೆ ಬಂದಿತ್ತು.

ಮೂರು ದಿನ, ಒಂಬತ್ತು ಜನ, ಎರಡು ಹೊತ್ತು ಊಟ. ಕುಚ್ಚಲಕ್ಕಿ ಅನ್ನ, ಸಾರು, ಗುಜ್ಜೆ ಪಲ್ಯ, ತಂಬುಳಿ. ನಡುನಡುವೆ ಪುನರ್ಪುಳಿ ಶರಬತ್ತು. ಮಕ್ಕಳು ಹೊಟ್ಟೆ ತುಂಬಾ ಉಂಡರು, ಹೊಗಳಿದರು. ಸಂತೋಷವಾಗಲಿಲ್ಲ ಎಂದರೆ ಸುಳ್ಳಾದೀತು.

ಕೊನೆಯ ಸಂಜೆ ಚಾವಡಿಯಲ್ಲಿ ಮಗಳು ಲೆಕ್ಕ ಓದಿದಳು. ಮೈಕು 1,150, ಮೆಮೊರಿ ಕಾರ್ಡು 600, ಆಟೋ-ಬಸ್ಸು 820, ಸ್ಪರ್ಧೆಯ ಶುಲ್ಕ 500, ಚಾ-ಮಿಕ್ಸ್ಚರ್ 330. "ಬರೀ 3,400 ರೂಪಾಯಿಯಲ್ಲಿ ಸಿನಿಮಾ!" ಎಲ್ಲರೂ ಚಪ್ಪಾಳೆ ತಟ್ಟಿದರು. ಇವರೂ ತಟ್ಟಿದರು. ನಾನು ಪಾತ್ರೆ ತೊಳೆಯುತ್ತಿದ್ದೆ.

ಕೈ ಒರೆಸಿಕೊಂಡು ಬಂದು ಕೇಳಿದೆ: "ಊಟ ಎಲ್ಲಿ ಬರೆದದ್ದು?"

"ಊಟಕ್ಕೆ ಎಂಥ ಖರ್ಚಮ್ಮಾ? ಮನೆಯದ್ದಲ್ವಾ?"

ಮಗಳ ಮೇಲೆ ಸಿಟ್ಟು ಬರಲಿಲ್ಲ. ಇದೇ ಮಾತನ್ನು ನನ್ನ ಅಮ್ಮನಿಗೆ ನಾನೂ ಹೇಳಿದ್ದೆನಲ್ಲ! ಆದರೆ ಗಂಟಲು ಕಟ್ಟಿತು. ಮೊದಲ ದಿನ ಅವಳೇ ಹೇಳಿದ್ದಳು, 'ಪಥೇರ್ ಪಾಂಚಾಲಿ'ಗೆ ದುಡ್ಡು ಸಾಲದಾಗ ರಾಯ್ ಅವರ ಹೆಂಡತಿ ಬಿಜೊಯಾ ಅವರ ಒಡವೆಗಳನ್ನೇ ಅಡವಿಟ್ಟರಂತೆ. ಒಡವೆಯಾದರೆ ಕಣ್ಣಿಗೆ ಕಾಣುತ್ತದೆ, ಲೋಕ ನೆನಪಿಡುತ್ತದೆ. ಅನ್ನ ಹಾಗಲ್ಲವಲ್ಲ, ಉಂಡು ಕೈತೊಳೆದರೆ ಮುಗಿಯಿತು.

ಇಡೀ ಸಿನಿಮಾದಲ್ಲಿ ಒಂದು ಮಾತೂ ಆಡದ ಅತ್ತೆ ಆಗ ಮಾತಾಡಿದರು: "ಬರೆ ಮಗಾ. ಅಡಿಕೆ ಕೊಯ್ಲಿನ ಆಳುಗಳಿಗೆ ನಲ್ವತ್ತು ವರ್ಷ ನಾನು ಬಡಿಸಿದ್ದೇನೆ. ಮಾವನ ಲೆಕ್ಕದ ಪುಸ್ತಕದಲ್ಲಿ ಹಗ್ಗದ ಲೆಕ್ಕವೂ ಉಂಟು. ನನ್ನ ಊಟದ್ದು ಒಂದು ಗೆರೆ ಇಲ್ಲ."

ಚಾವಡಿ ತಣ್ಣಗಾಯಿತು. ಮಗಳು ಪೆನ್ನು ತೆಗೆದಳು. ಐವತ್ತನಾಲ್ಕು ಊಟ, ಒಂದಕ್ಕೆ ಅರವತ್ತು ರೂಪಾಯಿ ಎಂದು ಹಿಡಿದರೂ 3,240. ಒಟ್ಟು 6,640. ಒಡೆದ ಹಾಲು, ನನ್ನ ಸೊಂಟನೋವು ಬೇರೆ! ನನಗೆ ದುಡ್ಡು ಬೇಕಿರಲಿಲ್ಲ. ಆ ಒಂದು ಗೆರೆ ಬರೆದದ್ದು ನೋಡಿಯೇ ಗಂಟಲು ಸಡಿಲವಾಯಿತು.

ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ. ಆದರೆ ನೆಂಟರು ಬಂದಾಗಲೆಲ್ಲ ಅತ್ತೆ "ನನ್ನ ಸಿನಿಮಾ ಹಾಕು" ಎನ್ನುತ್ತಾರೆ.

ನಿಮ್ಮ ಮನೆಗೂ ಇಂಥ ತಂಡ ಬಂದರೆ ಬೇಡ ಎನ್ನಬೇಡಿ. ಮಕ್ಕಳು ಬುದ್ಧಿ ಖರ್ಚು ಮಾಡಲು ಕಲಿಯುತ್ತಾರೆ. ಎರಡು ಮಾತು ಮಾತ್ರ ನೆನಪಿಡಿ. ಫ್ರಿಜ್ಜು ಬಂದ್ ಮಾಡಿದವರ ಸ್ಕೂಟರ್ ಕೀಯನ್ನು ಅದರೊಳಗೇ ಇಟ್ಟುಬಿಡಿ. ಹೊರಡುವಾಗ ತಾನಾಗಿ ನೆನಪಾಗುತ್ತದೆ. ಇನ್ನು ಲೆಕ್ಕದ ಪುಸ್ತಕವನ್ನು ಮೊದಲ ದಿನವೇ ಒಮ್ಮೆ ಕೇಳಿ ನೋಡಿ.

ಮೊನ್ನೆ ಮಗಳು ಮುಂದಿನ ಚಿತ್ರಕ್ಕೆ ಹೊಸ ಪುಸ್ತಕ ತಂದಳು. ಕದ್ದು ನೋಡಿದೆ. ಮೊದಲ ಸಾಲಿನಲ್ಲಿ ಮೈಕು ಇರಲಿಲ್ಲ. "ಊಟ – ಅಮ್ಮ" ಎಂದಿತ್ತು.