ಪರದೆ ಹಾಕಿದ ಓಮ್ನಿ

ನಾನು ಬಿದ್ದದ್ದು ಸಂಜೆ ನಾಲ್ಕೂವರೆಗೆ. 2023ರ ಫೆಬ್ರವರಿ. ಬೂದಿಕೋಟೆ ಬೆಟ್ಟದ ಹಿಂಬದಿ, ದೊಡ್ಡ ದೊಡ್ಡ ಬಂಡೆಗುಂಡುಗಳ ನಡುವಿನ ಸಂದಿಯಲ್ಲಿ. ಮಾರನೆಯ ಬೆಳಗ್ಗೆ ಎಂಟೂವರೆಗೆ ಮೇಕೆ ಕಾಯುವ ಅಜ್ಜಿಯೊಬ್ಬರು ನನ್ನನ್ನು ನೋಡುವ ತನಕ ನಾನು ಅಲ್ಲಿದ್ದೇನೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕಾಲು ಮುರಿದದ್ದು ದೊಡ್ಡ ಸಂಗತಿಯಲ್ಲ, ಬಂಡೆ ಹತ್ತುವವರ ಕಾಲು ಮುರಿಯುತ್ತದೆ, ಕೂಡುತ್ತದೆ. ಯಾರಿಗೂ ಗೊತ್ತಿರಲಿಲ್ಲ ಅನ್ನುವುದೇ ನಾನು ಹೇಳಬೇಕಾದ ವಿಷಯ. ಗೊತ್ತಾಗದ ಹಾಗೆ ತಿಂಗಳುಗಟ್ಟಲೆ ಜೋಪಾನ ಮಾಡಿದವಳು ನಾನೇ.

ನಾನು ಹುಟ್ಟಿದ್ದು ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ, ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ. ಒಂದು ಕೋಣೆ, ಒಂದು ಅಡುಗೆ ಮೂಲೆ, ಬೀದಿ ನಲ್ಲಿ. ತಾತ, ಅಂದರೆ ಅಮ್ಮನ ಅಪ್ಪ, ಗಣಿಯೊಳಗೆ ಟಿಂಬರ್‌ಮನ್ ಆಗಿದ್ದರು. ಸುರಂಗದ ಮಾಡು ಕುಸಿಯದಂತೆ ಮರದ ದಿಮ್ಮಿ ಕೊಟ್ಟು ನಿಲ್ಲಿಸುವ ಕೆಲಸ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ತಳದಲ್ಲಿ ಬಂಡೆಯ ಮೈಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಅಷ್ಟು ಆಳದಲ್ಲಿ ಕಲ್ಲು ತನ್ನ ಮೇಲಿನ ಭಾರ ತಡೆಯಲಾರದೆ ಬಾಂಬಿನ ಹಾಗೆ ಸಿಡಿಯುತ್ತಿತ್ತು. ಮೇಲೆ ನಮ್ಮ ಮನೆಗಳ ಪಾತ್ರೆಗಳು ಅದುರುತ್ತಿದ್ದವಂತೆ. ಬಂಡೆಯ ಸ್ವಭಾವ ತಿಳಿಯುವುದಕ್ಕೆಂದೇ 1988ರಲ್ಲಿ ನಮ್ಮೂರಲ್ಲೇ ರಾಷ್ಟ್ರೀಯ ರಾಕ್ ಮೆಕ್ಯಾನಿಕ್ಸ್ ಸಂಸ್ಥೆ ಶುರುವಾಯಿತು.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ನನಗೆ ಎರಡು ವರ್ಷ. ನಾನು ಕಂಡ ಕೆಜಿಎಫ್ ಅಂದರೆ ಸೈನೈಡ್ ದಿಬ್ಬಗಳು, ತಿರುಗದೆ ನಿಂತ ಶಾಫ್ಟ್ ಚಕ್ರಗಳು, ಮತ್ತೆ ಬೆಳಗಿನ ರೈಲು. ಮಾರಿಕುಪ್ಪಂನಲ್ಲಿ ಹೊರಟು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬಂದು ಬೆಂಗಳೂರು ಸೇರುವ ರೈಲು. ಗಣಿ ಹೋದ ಮೇಲೆ ನಮ್ಮೂರನ್ನು ಸಾಕಿದ್ದು ಅದೇ. ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ಅದನ್ನೇ ಹತ್ತಿದಳು. ಬೆಂಗಳೂರಿನ ಒಂದು ಆಫೀಸಿನಲ್ಲಿ ಹೌಸ್‌ಕೀಪಿಂಗ್. ಹೋಗಿ ಬರುವುದರಲ್ಲೇ ದಿನಕ್ಕೆ ಐದಾರು ಗಂಟೆ.

ಬಂಡೆ ಹತ್ತುವುದನ್ನು ಕಲಿತದ್ದು ಕಾಲೇಜಿನಲ್ಲಿದ್ದಾಗ, ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಕ್ಲೈಂಬಿಂಗ್ ಗೋಡೆಯ ಮೇಲೆ. ಆಮೇಲೆ ರಾಮನಗರ, ತುರಹಳ್ಳಿ, ಒಂದು ಸಲ ಬಾದಾಮಿಯ ಕೆಂಪು ಮರಳುಗಲ್ಲು. ಆದರೆ ನನ್ನ ಕೈಗೆ ಒಗ್ಗಿದ್ದು ನಮ್ಮ ಕಡೆಯ ಗ್ರಾನೈಟ್. ಗಣಿಯ ಕಲ್ಲು ಕಪ್ಪು, ಅದು ಉದ್ದಕ್ಕೆ ಹಾದುಹೋದ ಕಿರಿದಾದ ಪಟ್ಟಿ. ಅದರ ಆಚೀಚೆ ಇರುವುದೆಲ್ಲ ಗ್ರಾನೈಟ್ ಜಾತಿಯ ಬೆಟ್ಟಗಳು. ಟೇಕಲ್, ಆವಣಿ, ಕೋಲಾರದ ಅಂತರಗಂಗೆ, ಹೈದರಾಲಿ ಹುಟ್ಟಿದ ಬೂದಿಕೋಟೆ. ಹರಳು ಹರಳಾದ ಆ ಮೈಯನ್ನು ಬೆರಳ ತುದಿಯಲ್ಲಿ ಹಿಡಿದು ಪಾದ ಒತ್ತಿದರೆ ಸಾಕು, ಅದು ನಮ್ಮನ್ನು ತಡೆದು ನಿಲ್ಲಿಸುತ್ತದೆ. ಆ ಸುಖವನ್ನು ಬಾಯಲ್ಲಿ ಹೇಳಿ ತಿಳಿಸುವುದು ಕಷ್ಟ.

2022ರಲ್ಲಿ ಕಂಪನಿ ಕೆಲಸ ಬಿಟ್ಟೆ. ಇದ್ದ ದುಡ್ಡಲ್ಲಿ ಹಳೇ ಮಾರುತಿ ಓಮ್ನಿ ಕೊಂಡೆ. ಹಿಂದಿನ ಸೀಟು ತೆಗೆಸಿ ಪ್ಲೈವುಡ್ ಹಲಗೆ ಹಾಕಿಸಿದೆ, ಹಲಗೆ ಕೆಳಗೆ ಬಟ್ಟೆ, ಅಕ್ಕಿ, ನೀರಿನ ಕ್ಯಾನು, ಸಣ್ಣ ಗ್ಯಾಸ್ ಒಲೆ. ಅಮ್ಮ ಉಡುವುದು ಬಿಟ್ಟಿದ್ದ ಒಂದು ಸೀರೆಯನ್ನು, ಹಸಿರು ಮೈಗೆ ಹಳದಿ ಬುಟ್ಟಾ ಇರುವುದು, ಕತ್ತರಿಸಿ ಕಿಟಕಿಗಳಿಗೆ ಪರದೆ ಕಟ್ಟಿದೆ. ಲೈನ್ ಮನೆಯಲ್ಲಿ ಐದು ಜನ ಮಲಗಿ ಬೆಳೆದವಳಿಗೆ ಓಮ್ನಿ ಇಕ್ಕಟ್ಟು ಅನ್ನಿಸಲಿಲ್ಲ. ಶನಿವಾರ ಭಾನುವಾರ ಬೆಂಗಳೂರಿನಲ್ಲಿ ಮಕ್ಕಳಿಗೆ ಕ್ಲೈಂಬಿಂಗ್ ಹೇಳಿಕೊಡುತ್ತಿದ್ದೆ, ಉಳಿದ ಐದು ದಿನ ಬೆಟ್ಟ.

ಅಮ್ಮನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಅವಳ ಮಟ್ಟಿಗೆ ನಾನು ಬೆಂಗಳೂರಿನ ಪಿಜಿಯಲ್ಲಿದ್ದೆ, ಹಳೇ ಕಂಪನಿಯಲ್ಲೇ ಇದ್ದೆ. ಹೇಳಿದ್ದರೆ ಬಿಡುತ್ತಿರಲಿಲ್ಲ. ಗೆಳತಿಯರಿಗೂ ಎಲ್ಲಿಗೆ ಹೋಗುತ್ತೇನೆ ಅಂತ ಸರಿಯಾಗಿ ಹೇಳುತ್ತಿರಲಿಲ್ಲ, ಯಾರ ಬಾಯಿಂದಲಾದರೂ ಮನೆ ಮುಟ್ಟೀತು ಅಂತ. ಫೋನಿನಲ್ಲಿ ಲೊಕೇಶನ್ ಆಫ್ ಮಾಡಿಟ್ಟಿದ್ದೆ.

ಕಾರಿನಲ್ಲಿ ಒಬ್ಬಳೇ ಮಲಗುವ ಹೆಣ್ಣಿಗೆ ಹಗಲಿಡೀ ಒಂದೇ ಲೆಕ್ಕ: ಇವತ್ತು ರಾತ್ರಿ ಎಲ್ಲಿ ನಿಲ್ಲಿಸಲಿ? ಬೆಟ್ಟದ ಬುಡ ಬೇಡ, ಊರಾಚೆ ಬೇಡ. ಜನ ಇರಬೇಕು, ಆದರೆ ನನ್ನನ್ನು ಗಮನಿಸುವಷ್ಟು ಜನ ಇರಬಾರದು. ಪೆಟ್ರೋಲ್ ಬಂಕಿನಲ್ಲಿ ಲಾರಿಯವರು ಗಾಜು ತಟ್ಟಿದ್ದಾರೆ. ದೇವಸ್ಥಾನದ ಬಯಲಿನಲ್ಲಿ ಬೀಟ್ ಪೊಲೀಸರೊಬ್ಬರು ಟಾರ್ಚ್ ಬಿಟ್ಟು, "ಒಬ್ಬಳೇನಾ?" ಅಂತ ಕೇಳಿ, ನಾನು ಹೊರಡುವ ತನಕ ಅಲ್ಲೇ ನಿಂತಿದ್ದಾರೆ. ತಿಂಗಳ ಮುಟ್ಟಿನ ದಿನಗಳಲ್ಲಿ ಕಕ್ಕಸು ಹತ್ತಿರವಿರುವ ಜಾಗವನ್ನೇ ಹುಡುಕಬೇಕಿತ್ತು. ಕೊನೆಗೆ ನನಗೆ ಒಪ್ಪಿದ್ದು ಬಂಗಾರಪೇಟೆ ಜಂಕ್ಷನ್. ರಾತ್ರಿಯಿಡೀ ರೈಲು, ದೀಪ, ಹೆಂಗಸರ ವೇಟಿಂಗ್ ರೂಮು. ರಾತ್ರಿ ಊಟಕ್ಕೆ ಎಷ್ಟೋ ದಿನ ಅಲ್ಲಿನ ತಿಳಿನೀರಿನ ಪಾನಿಪುರಿಯೇ. ಹಳಿಯ ಪಕ್ಕದ ರಸ್ತೆಯಲ್ಲಿ, ಗೋಡೆಗೆ ಒತ್ತಿ ಓಮ್ನಿ ನಿಲ್ಲಿಸುತ್ತಿದ್ದೆ.

ಬೆಳಗಿನ ಜಾವ ಮಾರಿಕುಪ್ಪಂ ರೈಲು ಬಂದು ನಿಲ್ಲುವಾಗ ಎಚ್ಚರವಾಗುತ್ತಿತ್ತು. ಅದರೊಳಗೆ ಅಮ್ಮ ಇದ್ದಾಳೆ ಅಂತ ಗೊತ್ತಿತ್ತು. ಪರದೆ ಸರಿಸದೆ, ಮಿಸುಕಾಡದೆ ಮಲಗಿರುತ್ತಿದ್ದೆ. ರೈಲು ಹೊರಟು ಸದ್ದು ಕರಗಿದ ಮೇಲೆ ಏಳುತ್ತಿದ್ದೆ.

ಆ ದಿನದ ವಿಷಯಕ್ಕೆ ಬರುತ್ತೇನೆ. ಗುಂಡು ಹತ್ತಲು ಹಗ್ಗ ಬೇಕಿಲ್ಲ. ಕೆಳಗೆ ಕ್ರ್ಯಾಶ್ ಪ್ಯಾಡ್ ಅನ್ನುವ ದಪ್ಪ ಹಾಸಿಗೆ ಹಾಸಿ, ಚಾಕ್ ಪುಡಿ ಮೆತ್ತಿಕೊಂಡು ಹತ್ತುವುದು. ಹನ್ನೆರಡು ಅಡಿ ಮೇಲೆ ಎಡಗೈಗೆ ಒಂದು ಚಕ್ಕೆ ಸಿಕ್ಕಿತು. ಹಗಲ ಬಿಸಿಲು, ರಾತ್ರಿಯ ತಂಪು ಎಷ್ಟೋ ಕಾಲ ಕಾಯಿಸಿ ಆರಿಸಿ ಗ್ರಾನೈಟ್ ಈರುಳ್ಳಿಯಂತೆ ಪದರ ಬಿಡುತ್ತದೆ. ಅಂಥ ಪದರ. ಗಣಿಯೊಳಗೆ ಕೆಲಸ ಶುರು ಮಾಡುವ ಮೊದಲು ಕಂಬಿಯಿಂದ ಮಾಡು ತಟ್ಟಿ ನೋಡಬೇಕು ಅಂತ ತಾತ ಹೇಳುತ್ತಿದ್ದರು. ಗಟ್ಟಿ ಕಲ್ಲು ಗಂಟೆಯ ಹಾಗೆ ಅನ್ನುತ್ತೆ, ಬಿಟ್ಟ ಕಲ್ಲು ಡಬ್ಬದ ಹಾಗೆ ಅನ್ನುತ್ತೆ. ನಾನು ಗೆಣ್ಣಿನಿಂದ ತಟ್ಟಿದೆ. ಡಬ್ಬದ ಸದ್ದೇ ಬಂತು. ಕೇಳಿಸಿತು. ಆದರೂ ಹಿಡಿದೆ, ಮೇಲಿನ ಹಿಡಿತಕ್ಕೆ ಇನ್ನು ಒಂದು ಗೇಣು ಮಾತ್ರ ಇತ್ತು.

ಚಕ್ಕೆ ನನ್ನ ಜೊತೆಗೇ ಬಂತು. ಪ್ಯಾಡಿನ ಅಂಚಿಗೆ ತಗುಲಿ ಪಕ್ಕದ ಸಂದಿಗೆ ಉರುಳಿದೆ. ಬಲಗಾಲು ಕಲ್ಲಿಗೆ ಸಿಕ್ಕಿ ತಿರುಚಿತು. ಹಸಿ ಕಡ್ಡಿ ಮುರಿದ ಹಾಗೆ ಒಂದು ಸದ್ದು. ಫೋನು ಓಮ್ನಿಯಲ್ಲಿ ಚಾರ್ಜಿಗೆ ಹಾಕಿತ್ತು, ಓಮ್ನಿ ಮುಕ್ಕಾಲು ಕಿಲೋಮೀಟರ್ ಕೆಳಗೆ.

ಮೊದಲು ಶೂ ಬಿಚ್ಚಬೇಕಿತ್ತು. ಕ್ಲೈಂಬಿಂಗ್ ಶೂ ಬೆರಳು ಮಡಚುವಷ್ಟು ಬಿಗಿ ಇರುತ್ತದೆ, ಕಾಲು ಊದಿದರೆ ಅದು ಮತ್ತೆ ಬರುವುದಿಲ್ಲ. ಹಿಮ್ಮಡಿಯ ಕುಣಿಕೆಗೆ ಬೆರಳು ಹಾಕಿ ಒಂದೊಂದು ಕೂದಲೆಳೆಯಷ್ಟು ಎಳೆದೆ. ನಡುವೆ ಎರಡು ಸಲ ವಾಂತಿಯಾಯಿತು. ಬಂದ ಮೇಲೆ ನೋಡಿದರೆ ಪಾದ ಕಾಲಿನ ಸೀದಕ್ಕೆ ಇರಲಿಲ್ಲ. ಎರಡು ಒಣ ರೆಂಬೆ ಇಟ್ಟು ಬೆರಳಿಗೆ ಸುತ್ತುವ ಟೇಪನ್ನೇ ಸುತ್ತಿದೆ. ಹತ್ತಡಿ ದೂರದ ಪ್ಯಾಡಿನ ತನಕ ಮೊಣಕೈ ಊರಿ ಜರುಗುವುದಕ್ಕೆ ಕತ್ತಲಾಗುತ್ತ ಬಂತು. ಅರ್ಧ ಲೀಟರ್ ನೀರಿತ್ತು.

ಆಗ ಕೆಳಗೆ ಬೈಕುಗಳು ಬಂದವು. ಗಂಡಸರ ದನಿ, ಮೂರೋ ನಾಲ್ಕೋ. ಬಾಟಲಿ ತಾಗಿದ ಸದ್ದು, ಬೀಡಿ ವಾಸನೆ. ಒಬ್ಬ ಬಿಡದೆ ಕೆಮ್ಮುತ್ತಿದ್ದ. ಬಾಯಿ ತೆರೆದರೆ ಕೇಳುವಷ್ಟು ಹತ್ತಿರ. ನಾನು ಬಾಯಿಗೆ ಅಂಗಿಯ ತೋಳು ತುರುಕಿಕೊಂಡೆ, ನರಳುವುದು ಕೇಳಬಾರದು ಅಂತ. ಒಂದೂವರೆ ಗಂಟೆ ಇದ್ದರು. ಹೋದರು. ಬೈಕಿನ ಸದ್ದು ದೂರವಾದಾಗ ಅತ್ತೆ, ಆ ರಾತ್ರಿ ಅತ್ತದ್ದು ಅದೊಂದೇ ಸಲ.

ಈ ಭಾಗ ಕೇಳಿದವರು ಎರಡು ಬಣವಾಗುತ್ತಾರೆ. ಗಂಡಸರಲ್ಲಿ ಹೆಚ್ಚಿನವರು, "ಕೂಗಬೇಕಿತ್ತು, ಪಾಪ ಒಳ್ಳೆಯವರೇ ಇರ್ತಿದ್ರು" ಅನ್ನುತ್ತಾರೆ. ಹೆಂಗಸರು ಏನೂ ಅನ್ನುವುದಿಲ್ಲ. ಮುರಿದ ಕಾಲಲ್ಲಿ ಬಿದ್ದಿದ್ದವಳು ನಾನು, ಓಡಲಾಗದವಳು. ಆ ಸಂಜೆ ಸುಮ್ಮನಿದ್ದದ್ದು ತಪ್ಪು ಅಂತ ಇವತ್ತಿಗೂ ನನಗೆ ಅನ್ನಿಸಿಲ್ಲ.

ನಡುರಾತ್ರಿ ತನಕ ಬಂಡೆ ಹಗಲಿನ ಬಿಸಿಯನ್ನು ಬಿಡುತ್ತಿತ್ತು, ಬೆನ್ನು ಒತ್ತಿಕೊಂಡಿದ್ದೆ. ಆಮೇಲೆ ಅದೂ ತಣ್ಣಗಾಯಿತು. ಪ್ಯಾಡನ್ನು ಮಡಚಿ ಪುಸ್ತಕದ ನಡುವೆ ಎಲೆ ಇಟ್ಟ ಹಾಗೆ ಒಳಗೆ ಸೇರಿಕೊಂಡೆ. ಇರುವೆ ಬಂದವು. ಒಣ ಎಲೆಗಳ ಮೇಲೆ ಏನೋ ಓಡಾಡಿತು, ಮುಳ್ಳುಹಂದಿ ಇರಬೇಕು. ಕಾಮಸಮುದ್ರದ ಕಡೆ ತಮಿಳುನಾಡಿನ ಕಾಡಿಂದ ಆನೆಗಳು ಬಂದು ರಾಗಿ ಹೊಲ ತುಳಿಯುವುದುಂಟು. ರೆಂಬೆ ಮುರಿದ ಸದ್ದೆಲ್ಲ ಆನೆಯೇ ಅನ್ನಿಸಿತು.

ಆ ಚಳಿಯಲ್ಲಿ ಮನಸ್ಸು ಒಂದೇ ಕಡೆ ಹೋಗುತ್ತಿತ್ತು. ನಮ್ಮ ಮನೆಯಲ್ಲಿ ತಾತನ ಒಂದು ಹಿತ್ತಾಳೆ ಬಿಲ್ಲೆ ಇದೆ, ಎಂಟಾಣೆಗಿಂತ ಕೊಂಚ ದೊಡ್ಡದು, ನಂಬರು ಕೊರೆದದ್ದು, ತೂತಿಗೆ ಗಂಟು ಹಾಕಿದ ದಾರ. ಕೆಳಗಿಳಿಯುವಾಗ ಪ್ರತಿಯೊಬ್ಬರ ಬಿಲ್ಲೆಯ ಲೆಕ್ಕ ಮೇಲೆ ಇರುತ್ತಿತ್ತಂತೆ. ಶಿಫ್ಟ್ ಮುಗಿದು ಒಂದು ನಂಬರು ವಾಪಸ್ ಬರದಿದ್ದರೆ, ಯಾರು, ಯಾವ ಲೆವೆಲ್ಲಿನಲ್ಲಿ ಅಂತ ಹುಡುಕಲು ಜನ ಇಳಿಯುತ್ತಿದ್ದರು. ತಾತ ಆ ಮಾತು ಹೇಳುವಾಗ ಬಿಲ್ಲೆಯನ್ನು ಹೆಬ್ಬೆರಳಲ್ಲಿ ಉಜ್ಜುತ್ತಿದ್ದರು. ಮೂರು ಕಿಲೋಮೀಟರ್ ನೆಲದೊಳಗೆ ಇಳಿದವರನ್ನು ಹುಡುಕಲು ಜನ ಇದ್ದರು. ನಾನು ಬಂಗಾರಪೇಟೆಯಿಂದ ಅರ್ಧ ಗಂಟೆಯ ದಾರಿಯಲ್ಲಿ, ಆಕಾಶದ ಕೆಳಗೆ ಬಿದ್ದಿದ್ದೆ. ಶನಿವಾರ ಕ್ಲಾಸಿಗೆ ಬರಲಿಲ್ಲವಲ್ಲ ಅಂತ ಮಕ್ಕಳು ಕೇಳುವ ತನಕ ನನ್ನ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಅವತ್ತು ಬುಧವಾರ.

ಬೆಳಕು ಹರಿದ ಮೇಲೆ ಕೂಗಲು ಶುರು ಮಾಡಿದೆ. ಗಂಟಲು ಒಣಗಿ ದನಿ ಹೊರಡುತ್ತಿರಲಿಲ್ಲ, ಕಲ್ಲಿಗೆ ಕಲ್ಲು ಕುಟ್ಟಿದೆ. ಮೊದಲು ಬಂದದ್ದು ಒಂದು ಮೇಕೆ, ಹಿಂದೆಯೇ ಅಜ್ಜಿ. "ಎವರಮ್ಮಾ ನುವ್ವು?" ಅಂದವರು ನನ್ನ ಕಾಲು ನೋಡಿ ಮಾತು ನಿಲ್ಲಿಸಿದರು. ಸೊಂಟದಲ್ಲಿದ್ದ ಬಾಟಲಿಯ ನೀರನ್ನು ತುಟಿಗೆ ಹನಿಹನಿಯಾಗಿ ಬಿಟ್ಟರು, ತಲೆಯ ಮೇಲೆ ಸುತ್ತಿದ್ದ ಟವೆಲು ಬಿಚ್ಚಿ ಹೊದಿಸಿದರು. ಒಬ್ಬಳೇನಾ ಅಂತ ಅವರು ಕೇಳಲೇ ಇಲ್ಲ. ಊರಿನ ಕಡೆ ತಿರುಗಿ ಅವರು ಕೊಟ್ಟ ಕೂಗು ಇನ್ನೂ ಕಿವಿಯಲ್ಲಿದೆ.

ನಾಲ್ಕು ಜನ ಗಂಡಸರು ಬಂದರು. ಕ್ರ್ಯಾಶ್ ಪ್ಯಾಡಿನ ಮೇಲೇ ಮಲಗಿಸಿ, ಅದರ ಪಟ್ಟಿಗಳನ್ನು ಹೆಗಲಿಗೆ ಕೊಟ್ಟು ಇಳಿಸಿದರು. ಕಾಲು ಕುಲುಕದ ಹಾಗೆ ಹೆಜ್ಜೆಗೊಮ್ಮೆ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಅವರಲ್ಲೊಬ್ಬ ಕೆಮ್ಮುತ್ತಿದ್ದ. ಅದೇ ಕೆಮ್ಮೋ ಅಲ್ಲವೋ, ಕೇಳಲಿಲ್ಲ. ಅವನು ನನ್ನ ಮುಖಕ್ಕೆ ಬಿಸಿಲು ಬೀಳದಂತೆ ದಾರಿಯುದ್ದಕ್ಕೂ ಒಂದು ಕೈ ಅಡ್ಡ ಹಿಡಿದಿದ್ದ.

108 ಬಂತು. ಆಸ್ಪತ್ರೆಯ ಕಿಟಕಿಯಲ್ಲಿ ಹೆಸರು ಬರೆಸುವಾಗ, "ಜೊತೆಗೆ ಗಂಡಸರು ಯಾರೂ ಇಲ್ವಾ? ಒಬ್ಬಳೇ ಅಲ್ಲಿಗೆ ಯಾಕೆ ಹೋಗಿದ್ದೆ?" ಅಂತ ಮೂರು ಸಲ ಕೇಳಿದರು. ನೋವಿನ ಇಂಜೆಕ್ಷನ್ ಆ ಪ್ರಶ್ನೆಗಳು ಮುಗಿದ ಮೇಲೇ ಬಂದದ್ದು. ಇದನ್ನು ಮರೆಯುವುದಿಲ್ಲ. ಕಾಲಿನ ಎರಡೂ ಮೂಳೆ ಮುರಿದಿದ್ದವು, ಪ್ಲೇಟು ಹಾಕಿದರು.

ಅಮ್ಮ ಕೆಲಸ ಅರ್ಧಕ್ಕೆ ಬಿಟ್ಟು ಸಿಕ್ಕ ರೈಲು ಹತ್ತಿ ಬಂದಳು. ನಾನು ಎಲ್ಲ ಹೇಳಿದೆ. ಪಿಜಿ ಇಲ್ಲ, ಕಂಪನಿ ಇಲ್ಲ, ಓಮ್ನಿಯಲ್ಲಿ ಮಲಗುತ್ತೇನೆ, ಬಂಗಾರಪೇಟೆ ಸ್ಟೇಷನ್ ಪಕ್ಕ. ಬೈಗುಳಕ್ಕೆ ಕಾಯುತ್ತಿದ್ದೆ. ಅವಳು ತುಂಬ ಹೊತ್ತು ಮಂಚದ ಕಂಬಿ ಹಿಡಿದು ನಿಂತಳು.

"ಬಿಳಿ ಓಮ್ನಿನಾ?" ಅಂದಳು. "ಗೋಡೆ ಪಕ್ಕ ನಿಲ್ಸಿರ್ತಾರಲ್ಲ, ಅದಾ?"

ಹೂಂ ಅಂದೆ.

"ದಿನಾ ನೋಡ್ತಿದ್ದೆ ಕಣೇ. ಆ ಪರದೆ ನನ್ನ ಸೀರೆ ಥರಾನೇ ಇದ್ಯಲ್ಲ, ಯಾರದೋ ಏನೋ ಅಂದ್ಕೋತಿದ್ದೆ."

ಕಾಲು ಕೂಡಲು ಏಳು ತಿಂಗಳು ಹಿಡಿಯಿತು. ಈಗ ಮತ್ತೆ ಹತ್ತುತ್ತೇನೆ, ಓಮ್ನಿಯಲ್ಲೇ ಇರುತ್ತೇನೆ. ಅಮ್ಮ ಒಪ್ಪಿದ್ದಾಳೆ ಅಂತಲ್ಲ, ವಾರಕ್ಕೊಮ್ಮೆ ಜಗಳ ಆಗೇ ಆಗುತ್ತದೆ. ಆದರೆ ಹೋಗುವ ಬೆಟ್ಟದ ಹೆಸರು, ಯಾವ ಕಡೆಯಿಂದ ಹತ್ತುತ್ತೇನೆ, ಎಷ್ಟು ಹೊತ್ತಿಗೆ ಇಳಿಯುತ್ತೇನೆ ಅನ್ನುವುದು ಹಿಂದಿನ ರಾತ್ರಿಯೇ ಅವಳ ಫೋನಿಗೆ ಹೋಗುತ್ತದೆ. ಬಂಗಾರಪೇಟೆಯಲ್ಲಿ ಮಲಗಿದ ದಿನ ಐದು ಗಂಟೆಗೆ ಅಲಾರಂ ಇಡುತ್ತೇನೆ. ಮಾರಿಕುಪ್ಪಂ ರೈಲು ಬಂದು ನಿಂತಾಗ ಹಳಿ ಕಡೆಯ ಪರದೆ ಸರಿಸಿ, ಒಳಗಿನ ದೀಪ ಹಾಕಿ ಕೂರುತ್ತೇನೆ. ಹೆಂಗಸರ ಬೋಗಿಯ ಕಿಟಕಿಯಿಂದ ಒಂದು ಕೈ ಹೊರಬರುತ್ತದೆ.