ಜಾರಬೇಕು, ಜಾರಲೂಬಾರದು

ರಿಮೋಟ್ ಕಾರಿನ ಬಾಲ್ ಡಿಫ್, ಅಂದರೆ ತಿರುವಿನಲ್ಲಿ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್, ಬಿಚ್ಚಿದರೆ ಒಳಗೆ ಒಂದಕ್ಕೊಂದು ಕಚ್ಚಿಕೊಳ್ಳುವ ಹಲ್ಲುಗಳೇ ಇಲ್ಲ. ನಡುವೆ ಒಂದು ಪ್ಲಾಸ್ಟಿಕ್ ಗೇರು, ಅದರ ತೂತುಗಳಲ್ಲಿ ಪುಟ್ಟ ಗುಂಡುಗಳು, ಆಚೀಚೆ ಎರಡು ಉಕ್ಕಿನ ಉಂಗುರ. ಒಂದೇ ಒಂದು ಸ್ಕ್ರೂ ಎಲ್ಲವನ್ನೂ ಅದುಮಿ ಹಿಡಿದಿದೆ. ಮೋಟರಿನ ಜೋರೆಲ್ಲ ಚಕ್ರ ಮುಟ್ಟುವುದು ಈ ಒತ್ತಡದ ನಂಬಿಕೆಯ ಮೇಲೆ. ಅಂಥ ಗುಂಡುಗಳಿಗೆ ಗ್ರೀಸ್ ಹಚ್ಚುತ್ತಾರೆ! ಹಿಡಿಯಬೇಕಾದ ಜಾಗಕ್ಕೆ ಗ್ರೀಸ್ ಯಾಕೆ?

*

ಅದು ಸಿಲಿಕೋನ್ ಗ್ರೀಸ್. ಉಕ್ಕಿನ ಮೇಲೆ ಉಕ್ಕು ಬಲವಾಗಿ ಒತ್ತಿದಾಗ ಅದು ಅಷ್ಟಾಗಿ ಜಾರಿಸುವುದಿಲ್ಲ. ಸ್ಕ್ರೂ ತಲೆಯ ಬಳಿಯ ಥ್ರಸ್ಟ್ ಬೇರಿಂಗಿಗೆ ಬೇರೆಯದು, ಮಾಲಿಬ್ಡಿನಮ್ ಬೆರೆಸಿದ ಕಪ್ಪು ಗ್ರೀಸ್. ಅಲ್ಲಿ ಜಾರಲೇಬೇಕು. ಎರಡು ಟ್ಯೂಬು ಅದಲುಬದಲಾದರೆ ಎಷ್ಟು ಬಿಗಿದರೂ ಡಿಫ್ ನಿಲ್ಲದು.

*

ಈ ಡಿಫ್ ಅನ್ನು ರಿಮೋಟ್ ಕಾರುಗಳಿಗೆ ತಂದವರು ಇಂಗ್ಲೆಂಡಿನ ಸೆಸಿಲ್ ಶೂಮಾಕರ್. 1980ರಲ್ಲಿ ಕಂಪನಿ ತೆರೆದರು. ಅದಕ್ಕೂ ಮುಂಚೆ ರೇಸ್ ಎಂಜಿನ್ ಕಂಪನಿ ಕಾಸ್‌ವರ್ತ್‌ನಲ್ಲಿ ಗೇರ್‌ಬಾಕ್ಸ್ ಎಂಜಿನಿಯರ್. ಹಲ್ಲುಗಳ ಸಹವಾಸ ಸಾಕಾಗಿತ್ತೇನೋ.

*

ಅಣ್ಣನ ಮಗನ ರಿಮೋಟ್ ಬಗ್ಗಿಯ ಕಾಯಿಲೆ ವಿಚಿತ್ರ. ಬಿಗಿದು ಬಿಟ್ಟರೆ ನಾಲ್ಕು ಸುತ್ತು ಚೆನ್ನ. ಆಮೇಲೆ ವೇಗ ಕೊಟ್ಟಾಗ ಕಿರ್ರೆನ್ನುತ್ತದೆ. ಗಾಡಿ ಮುಂದೆ ಹೋಗದು. ಹೊಸ ಡಿಫ್ ಪಳಗುವಾಗ ಸ್ವಲ್ಪ ಸಡಿಲವಾಗುವುದು ಸಹಜ. ಇದು ಹಳೆಯದು.

“ಜಾರುತ್ತಿರುವುದು ಡಿಫ್ಫೋ ಕ್ಲಚ್ಚೋ?” ಎಂದೆ. “ಹಿಡ್ಕೊಳ್ಳಿ ಚಿಕ್ಕಪ್ಪ” ಎಂದು ಮೋಟರ್ ತಿರುಗಿಸುವ ಸ್ಪರ್ ಗೇರನ್ನೂ ಒಂದು ಹಿಂಚಕ್ರವನ್ನೂ ನನ್ನ ಕೈಗೆ ಕೊಟ್ಟು, ಇನ್ನೊಂದು ಚಕ್ರ ತಿರುಗಿಸಿದ. ಹೆಚ್ಚಿನ ಹೊಡೆತ ಬಿದ್ದಾಗ ಜಾರಲೆಂದೇ ಇರುವ ಸ್ಲಿಪ್ಪರ್ ಕ್ಲಚ್ ಮೊದಲು ಜಾರಬೇಕು; ಜಾರಿದ್ದು ಡಿಫ್. ಹೀಗೇ ಬಿಟ್ಟರೆ ಗುಂಡು ಉಂಗುರದಲ್ಲಿ ತೋಡು ಕೊರೆಯುತ್ತದೆ.

*

ಬಿಚ್ಚಿದ. ದೊಡ್ಡ ಗುಂಡುಗಳು ನುಣ್ಣಗಿದ್ದವು. ಥ್ರಸ್ಟ್ ಬೇರಿಂಗ್ ಟಿಶ್ಯೂ ಮೇಲೆ ಸುರಿದಾಗ ಗ್ರೀಸ್ ಕೆಸರಿನ ಬಣ್ಣಕ್ಕೆ ತಿರುಗಿತ್ತು. ಸಾಸಿವೆಯಷ್ಟು ಗುಂಡುಗಳಲ್ಲಿ ಕೆಲವಕ್ಕೆ ಒಂದು ಮಗ್ಗುಲು ಚಪ್ಪಟೆ. ವಾಷರಿನಲ್ಲಿ ಉಗುರಿಗೆ ಸಿಗುವಷ್ಟು ಗೀರು.

ಆಗ ಲೆಕ್ಕ ಕೂಡಿತು. ಸ್ಕ್ರೂವಿನ ನಟ್ಟು ಒಂದು ಬದಿಯ ಚಕ್ರ ತಿರುಗಿಸುವ ಔಟ್‌ಡ್ರೈವ್‌ನಲ್ಲಿ ಸಿಕ್ಕಿಕೊಂಡಿದೆ, ತಲೆ ಇನ್ನೊಂದರಲ್ಲಿದೆ. ತಿರುವಿನಲ್ಲಿ ಎರಡು ಚಕ್ರದ ವೇಗ ಬೇರೆಯಾದಾಗ ತಲೆಯ ಸುತ್ತ ಆ ಔಟ್‌ಡ್ರೈವ್ ಸಲೀಸಾಗಿ ತಿರುಗಬೇಕು. ಬೇರಿಂಗ್ ಹಿಡಿದುಕೊಂಡರೆ ತಲೆಯನ್ನೂ ಎಳೆದುಕೊಂಡು ಹೋಗುತ್ತದೆ. ಕಾರು ತನ್ನ ಸ್ಕ್ರೂವನ್ನು ತಾನೇ ಬಿಚ್ಚಿಕೊಳ್ಳುತ್ತಿದೆ. ನಾವು ದೊಡ್ಡ ಗುಂಡುಗಳನ್ನೇ ಸುಮ್ಮನೆ ಶಂಕಿಸುತ್ತಿದ್ದೆವು.

*

ಬೇರಿಂಗ್ ಬದಲಿಸುವ ಜೊತೆಗೆ ಉಂಗುರಗಳಿಗೂ ಸಣ್ಣ ಚಿಕಿತ್ಸೆಯಾಯಿತು. ಗಾಜಿನ ಮೇಲೆ 600 ನಂಬರಿನ ನೀರು ಪೇಪರ್ ಹಾಸಿ, ಉಂಗುರವನ್ನು ಬೆರಳಲ್ಲಿ ಒತ್ತಿ ಎಂಟರ ಆಕಾರದಲ್ಲಿ ಉಜ್ಜಿದ. ಹೊಳಪು ಹೋಯಿತು. ಮಂಕಾದ ಉಂಗುರವೇ ಚೆನ್ನಾಗಿ ಹಿಡಿಯುತ್ತದಂತೆ.

*

ಈಗಿನ ಎಷ್ಟೋ ಬಗ್ಗಿಗಳಲ್ಲಿ ಗೇರ್ ಡಿಫ್ ಬಂದಿದೆ. ಆದರೆ ಅದರ ಸ್ವಭಾವ ಬದಲಿಸಲು ಬಿಚ್ಚಿ ಎಣ್ಣೆ ಬದಲಿಸಬೇಕು. ಬಾಲ್ ಡಿಫ್ ಆದರೆ ಹೊರಗಿನಿಂದಲೇ ಒಂದು ಅಲೆನ್ ಕೀ ಸಾಕು. ಸೋಜಿಗವೇನೂ ಅಲ್ಲ, ಜನ ಇದನ್ನು ಬಿಟ್ಟುಕೊಡದಿರುವುದು.

*

ಒಂದು ಅನುಮಾನ ಉಳಿದಿದೆ. ಹಿಡಿದುಕೊಂಡ ಬೇರಿಂಗ್ ಬಲತಿರುವಿನಲ್ಲಿ ಸ್ಕ್ರೂ ಸಡಿಲಿಸಿದರೆ ಎಡತಿರುವಿನಲ್ಲಿ ಬಿಗಿಸಬೇಕಲ್ಲ? ಹಾಗಾದರೆ ಟ್ರ್ಯಾಕನ್ನು ಉಲ್ಟಾ ಸುತ್ತಿದರೆ ಇದೇ ಡಿಫ್ ತಾನಾಗಿ ಬಿಗಿಯಾಗಬೇಕು. ಹಳೆಯ ಬೇರಿಂಗ್ ಎಸೆಯಬೇಡ ಎಂದು ಹುಡುಗನಿಗೆ ಹೇಳಿದ್ದೇನೆ. ಅವನು ನನ್ನನ್ನು ನೋಡಿದ ರೀತಿ ನೋಡಿದರೆ, ಒಪ್ಪುವಂತೆ ಕಾಣುವುದಿಲ್ಲ.